ಎಡಗೈಯ ಐದನೆಯ ಬೆರಳು

ಮೇಸ್ತ್ರಿಯ ಅಪ್ಪ ಹೆಬ್ಬೆಟ್ಟು. ಮೇಸ್ತ್ರಿ ಹಾಗಲ್ಲ, ಸಹಿ ಹಾಕುವವ. ಅದೂ ಅಂತಿಂಥ ಸಹಿಯಲ್ಲ, ಕೊನೆಯ ಅಕ್ಷರಕ್ಕೆ ಬಾಲ ಎಳೆದು ಕೆಳಗೆ ಎರಡು ಚುಕ್ಕಿ ಇಡುವಂಥದ್ದು. ಆ ಜಂಬ ಹೊತ್ತುಕೊಂಡು ಪರದೇಶಕ್ಕೆ ಬಂದರೆ ಇಲ್ಲಿಯವರು ಸಹಿಯನ್ನು ಮೂಸಿಯೂ ನೋಡಲಿಲ್ಲ. ಹತ್ತೂ ಬೆರಳು ಒತ್ತು ಅಂದರು. "ನಮ್ಮಪ್ಪ ಒಂದೇ ಬೆರಳು ಒತ್ತಿ ಜೀವನ ಕಳೆದ. ನಾನು ಓದಿ ಇನ್ನೂ ಒಂಬತ್ತು ಜಾಸ್ತಿ ಮಾಡ್ಕೊಂಡೆ" ಎಂದು ರೂಮಿನವರನ್ನು ನಗಿಸುತ್ತಿದ್ದ.

ಕೆಲಸ ಮರದ್ದು. ಬೀರು, ಮಂಚ, ಅಡುಗೆಮನೆಯ ಕಪಾಟು ಮಾಡುವ ದೊಡ್ಡ ಶೆಡ್ಡು. ಅವನು ಊರು ಬಿಟ್ಟಾಗ ಹೆಂಡತಿ ಬಸುರಿ. ಈಗ ಮಗಳಿಗೆ ಆರು ತುಂಬಿದೆ, ಅವಳಿಗೆ ಅಪ್ಪನೆಂದರೆ ಫೋನಿನೊಳಗಿನ ಮನುಷ್ಯ. ಇಲ್ಲೇ ಕಾಯಂ ನೆಲೆಸಲು ಹಾಕಿದ ಅರ್ಜಿ ತೀರ್ಮಾನವಾಗುವ ತನಕ ಅವನು ದೇಶ ಬಿಟ್ಟು ಕದಲುವಂತಿಲ್ಲ, ಕದಲಿದರೆ ಅಲ್ಲಿಯವರೆಗೆ ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೆಂಡತಿ ಮಗಳನ್ನು ಕರೆಸಿಕೊಳ್ಳಬೇಕು. ಕೂತರೂ ನಿಂತರೂ ಅದೊಂದೇ ಜಪ.

ಆದರೆ ಬೆರಳಚ್ಚಿಗೂ ವಾಯಿದೆ ಇದೆಯಂತೆ! ಹಾಲು ಕೆಡುತ್ತದೆ, ಔಷಧಿ ಕೆಡುತ್ತದೆ, ಒಪ್ಪೋಣ. ಮನುಷ್ಯನ ಬೆರಳಿನ ಗೆರೆ ಹದಿನೈದು ತಿಂಗಳಿಗೆ ಕೆಡುತ್ತದೆಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ ಕಾಣೆ. ಅರ್ಜಿ ಆಮೆಯ ಹಾಗೆ ತೆವಳುತ್ತಿತ್ತು, ಅಷ್ಟರಲ್ಲಿ ಬೆರಳಿನ ವಾಯಿದೆ ಮುಗಿಯುತ್ತಿತ್ತು. ಕಾಗದ ಬರುತ್ತಿತ್ತು, ಮತ್ತೆ ಬನ್ನಿ ಅಂತ. ಒಂದು ದಿನದ ರಜೆ, ಎರಡು ಬಸ್ಸು, ಟೋಕನ್ನು, ಪ್ಲಾಸ್ಟಿಕ್ ಕುರ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿದ ಗಾಜು. ನಾಲ್ಕು ಸಲ ಹೀಗೆ ಒತ್ತಿ ಬಂದ.

ನಾಲ್ಕನೆಯ ಸಲ ಒತ್ತಿ ಬಂದ ಐದು ತಿಂಗಳಿಗೆ ಶೆಡ್ಡಿನ ಮಷಿನ್ ಗರಗಸ ಅವನ ಎಡಗೈಯ ಕಿರುಬೆರಳನ್ನು ಬುಡಸಮೇತ ತೆಗೆಯಿತು. ಹಲಗೆ ಜಾರಿತು, ಅಷ್ಟೇ. ಆಸ್ಪತ್ರೆಯಲ್ಲಿ ಮಲಗಿಯೇ ಅವನು ನಿಶ್ಚಯಿಸಿಬಿಟ್ಟ: ಹೆಂಡತಿಗೆ ಹೇಳಕೂಡದು. ಹೇಳಿದರೆ ಅವಳು "ಸಾಕು ಕಣ್ರೀ, ಗಂಜಿ ಕುಡಿದಾದ್ರೂ ಬದುಕೋಣ, ವಾಪಸ್ ಬಂದ್ಬಿಡಿ" ಅನ್ನುತ್ತಾಳೆ. ಅವಳು ಹಾಗಂದರೆ ತಾನು ಹೊರಟೇಬಿಡುತ್ತೇನೆ ಎಂಬುದೇ ಅವನ ಭಯ. ಅಂದಿನಿಂದ ಫೋನನ್ನು ಎಡಗೈಯಲ್ಲೇ ಹಿಡಿದ, ಕ್ಯಾಮೆರಾಕ್ಕೆ ಆ ಕೈ ಕಾಣದ ಹಾಗೆ.

ರೂಮಿನಲ್ಲಿದ್ದ ಪೇಂಟರ್ ಗದರಿದ. "ಮಡಿಲಲ್ಲಿ ಕೆಂಡ ಕಟ್ಕೊಂಡು ಎಷ್ಟು ದಿನ ಕೂರ್ತೀಯಯ್ಯಾ? ಹೇಳ್ಬಿಡು."

"ಇಲ್ಲಿಗೆ ಬಂದ್ಮೇಲೆ ಅವಳೇ ನೋಡ್ತಾಳೆ ಬಿಡು. ಎದುರಿಗಿದ್ರೆ ಅಳೋಕೂ ಒಂದು ಹೆಗಲು ಇರುತ್ತೆ" ಎಂದ ಮೇಸ್ತ್ರಿ.

ಐದನೆಯ ಸಲ ಬೆರಳು ಒತ್ತಿಸುವಾಕೆ ತಲೆ ಎತ್ತದೆಯೇ ಹೇಳಿದಳು, "ಎಡಗೈ ಕಿರುಬೆರಳು ಇಡಿ."

"ಇಲ್ಲ ಮೇಡಂ."

"ಹಳೇ ದಾಖಲೇಲಿ ಇದೆಯಲ್ಲ?"

"ಆಗ ಇತ್ತು, ಈಗ ಇಲ್ಲ."

"ಇಲ್ಲ ಅನ್ನೋದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ತನ್ನಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇವರಿಗೆ ಬೇಕು, ಅದೂ ಸೀಲು ಹಾಕಿದ ಕನ್ನಡಿ. ತಂದುಕೊಟ್ಟ. ಆರನೆಯ ಸಲ ಆ ಸರ್ಟಿಫಿಕೇಟೂ ಹಳೆಯದಾಗಿತ್ತು, ಹೊಸದು ಬೇಕಂತೆ. "ಮತ್ತೆ ಚಿಗುರಿದೆಯೇನೋ ಅಂತ ಅನುಮಾನವಾ ಅವರಿಗೆ?" ಎಂದು ಡಾಕ್ಟರು ನಕ್ಕರು. ಮೇಸ್ತ್ರಿಯೂ ನಕ್ಕ. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಸರ್ಟಿಫಿಕೇಟನ್ನು ತೆಗೆದು ಇನ್ನೊಮ್ಮೆ ಓದಿದ. ಹತ್ತು ಬೆರಳಿನವನೂ ಒಂಬತ್ತು ಬೆರಳಿನವನೂ ಒಬ್ಬನೇ ಎಂದು ಇವರು ನಂಬದೆ ಹೋದರೆ?

ಅಂತೂ ಊರಿನ ಕಡೆ ಇರುವ ವೀಸಾ ಕಚೇರಿಯಿಂದ ಹೆಂಡತಿಗೆ ಕರೆ ಬಂತು. ಅವಳ ಸಂದರ್ಶನ ಮುಗಿದರೆ ಕೆಲಸ ಆದಂತೆಯೇ. ಆ ದಿನ ಮೇಸ್ತ್ರಿ ಕಪಾಟಿನ ಬಾಗಿಲುಗಳಿಗೆ ಹಿಂದುಮುಂದಾಗಿ ಕೀಲು ಕೂರಿಸಿ ಬೈಸಿಕೊಂಡ. ಊಟದ ಹೊತ್ತಿಗೆ ಫೋನು ಬಂತು. ಹಲಗೆಗಳ ಅಟ್ಟಿಯ ಹಿಂದೆ ಓಡಿದ.

"ಏನಂದ್ರು? ಸಿಹಿ ಸುದ್ದೀನಾ?"

"ಕೈ ತೋರಿಸ್ರೀ."

ಅವನು ಬಲಗೈ ಎತ್ತಿದ.

"ಅದಲ್ಲ."

ಇನ್ನು ಬಚ್ಚಿಟ್ಟುಕೊಳ್ಳಲು ಜಾಗವೇ ಇರಲಿಲ್ಲ. ಫೋನನ್ನು ಬಲಗೈಗೆ ಬದಲಿಸಿ ಎಡಗೈಯನ್ನು ಮುಂದೆ ಹಿಡಿದ. ಅವಳು ಎಷ್ಟೋ ಹೊತ್ತು ನೋಡಿದಳು.

"ತುಂಬಾ ನೋವಾಯ್ತಾ?"

"ಇಲ್ಲ ಕಣೇ."

"ಅದೂ ಸುಳ್ಳೇ." ಅವಳು ಕಣ್ಣು ಒರೆಸಿಕೊಂಡಳು. "ಎಲ್ಲ ಸರಿಯಾಗಿ ಹೇಳಿದೆ ಕಣ್ರೀ. ಮದುವೆ ದಿನ, ನಿಮ್ಮ ಅಜ್ಜಿ ಹೆಸರು, ನೀವು ಗೊರಕೆ ಹೊಡೆಯೋದು ಕೂಡ. ಕೊನೇಲಿ ಪ್ರಶ್ನೆ ಕೇಳ್ತಿದ್ದ ಮೇಡಂ, ನಿಮ್ಮ ಗಂಡನ ಎಡಗೈಲಿ ಎಷ್ಟು ಬೆರಳಿದೆ ಅಂದ್ರು. ನಾನು ನಕ್ಕೇಬಿಟ್ಟೆ. ಎಲ್ರಿಗೂ ಇರೋ ಹಾಗೆ ಐದು ಮೇಡಂ ಅಂದೆ. ಅವರು ನಗಲಿಲ್ಲ. ಬರ್ಕೊಂಡ್ರು."

"ಆಮೇಲೆ?"

"ಆಮೇಲೇನು? ಎರಡು ವರ್ಷದಿಂದ ಗಂಡನ ಕೈಲಿ ಬೆರಳಿಲ್ಲ ಅನ್ನೋದೇ ಗೊತ್ತಿಲ್ಲದೋಳು ಎಂಥ ಹೆಂಡ್ತಿ ಅಂದ್ರು. ಮದುವೇನೇ ನಾಟಕ ಇರಬಹುದಂತೆ. ಅರ್ಜಿ ಪಕ್ಕಕ್ಕಿಟ್ರು. ಎಲ್ಲ ಮೊದಲಿಂದ. ನಿಮ್ಮ ಬೆರಳು ಮತ್ತೆ ಒತ್ತಬೇಕು, ನಂದೂ, ಮಗೂದೂ."

ಮೇಸ್ತ್ರಿ ಎಡಗೈಯನ್ನು ಕೆಳಗಿಳಿಸಿದ. "ತಪ್ಪಾಯ್ತು ಕಣೇ. ನಿನಗೆ ನೋವಾಗುತ್ತೆ ಅಂತ..."

"ದಿನಾ ಮಾತಾಡಿದ್ದೀವಿ. ದಿನಾ!" ಅವಳ ದನಿ ಈಗ ತಣ್ಣಗಾಗಿತ್ತು. "ಇನ್ನೇನು ಮುಚ್ಚಿಟ್ಟಿದ್ದೀರಿ?"

"ಇನ್ನೇನೂ ಇಲ್ಲ. ಮಗಳಾಣೆಗೂ ಇಲ್ಲ."

ನಿಜಕ್ಕೂ ಇನ್ನೇನೂ ಇರಲಿಲ್ಲ.

"ಮಗೂ ಮೇಲೆ ಆಣೆ ಇಡ್ಬೇಡಿ" ಎಂದಳು ಹೆಂಡತಿ. "ನಾನೂ ಆ ಮೇಡಂ ಮುಂದೆ ಇಷ್ಟೇ ಗಟ್ಟಿಯಾಗಿ ಹೇಳಿದ್ದೆ, ಐದು ಅಂತ."

ಫೋನು ಇಟ್ಟಳು.