ಡೈರಿ ಗೋಡೆಯ ಮೇಲೆ ನೀಲಿ ಗೆರೆ, ಕೆಂಪು ಗೆರೆ

ಕೆಜಿಎಫ್‌ನ ಕಾರ್ಖಾನೆಯೊಂದರ ಪ್ಲಾನಿಂಗ್ ವಿಭಾಗದಲ್ಲಿ ನನಗೆ ಕೆಲಸ. ಈ ವಾರಕ್ಕೆ ಎಷ್ಟು ಮುಗಿಯಬೇಕಿತ್ತು, ನಿಜಕ್ಕೂ ಎಷ್ಟು ಮುಗಿದಿದೆ ಎಂದು ನೋಡಿ ಹೇಳುವುದು. ಗದಗದ ಕಡೆಯಿಂದ ಬಂದು ಇಲ್ಲಿನ ಕೋರಮಂಡಲ್‌ನಲ್ಲಿ ಮನೆ ಮಾಡಿದ ಮೇಲೆ ತಮಿಳು, ತೆಲುಗು ಎರಡೂ ನಾಲಿಗೆಗೆ ಒಗ್ಗಿದವು. ಆದರೆ ಈ ಕೆಲಸ ಏನೆಂದು ಯಾವ ಭಾಷೆಯಲ್ಲೂ ಯಾರಿಗೂ ತಿಳಿಸಲು ಆಗಿರಲಿಲ್ಲ. ಒಂದೇ ಮಾತಿಗೆ ಅರ್ಥ ಮಾಡಿಕೊಂಡವರೆಂದರೆ ಕ್ಯಾಸಂಬಳ್ಳಿಯ ಆಚೆಗಿನ ಹಳ್ಳಿಯೊಂದರ ಮಹಿಳಾ ಡೈರಿಯ ಅಧ್ಯಕ್ಷೆ.

ಆಕೆ ನನ್ನ ಸಹೋದ್ಯೋಗಿಯೊಬ್ಬರ ಅಕ್ಕ. ಬೇಸಿಗೆಯಲ್ಲಿ ಅವರ ಡೈರಿಯ ಹಾಲು ಲಾರಿ ಬರುವಷ್ಟರಲ್ಲಿ ಒಡೆದುಹೋಗುತ್ತಿತ್ತು. ಹಾಲನ್ನು ತಂಪಾಗಿಡುವ ದೊಡ್ಡ ಯಂತ್ರವೊಂದು ಅವರಿಗೆ ಮಂಜೂರಾಯಿತು. ಆದರೆ ಯುಗಾದಿಯೊಳಗೆ ಹೊಸ ಕಟ್ಟಡ, ನೀರು, ಕರೆಂಟು ಎಲ್ಲವೂ ಸಿದ್ಧವಿರಬೇಕು. ಇಲ್ಲದಿದ್ದರೆ ಯಂತ್ರ ಬೇರೆ ಊರಿನ ಪಾಲು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ, ಕೆಲಸ ಎಲ್ಲಿಗೆ ಬಂತು ಎಂದು ನೋಡಿ ಹೇಳಲು ಆಕೆ ನನ್ನನ್ನು ಕರೆಸಿಕೊಂಡರು.

ಸ್ಕೂಟರ್ ನಿಲ್ಲಿಸಿ ನೋಡಿದರೆ ಗೋಡೆಗಳು ಎದ್ದಿದ್ದವು, ಚಾವಣಿಗೆ ಮೋಲ್ಡ್ ಹಾಕಿ ಆಗಿತ್ತು. ಬಂಗಾರಪೇಟೆಯ ಮೇಸ್ತ್ರಿ ಹೆಮ್ಮೆಯಿಂದಲೇ ತೋರಿಸಿದರು. “ಮುಕ್ಕಾಲು ಮುಗೀತು ಮೇಡಂ. ಇನ್ನೇನೈತೆ, ಒಳಗೆ ಒಂಚೂರು ಕೆಲ್ಸ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಚಾವಣಿ ಹಾಕಿದ ಕಟ್ಟಡ ಯಾರ ಕಣ್ಣಿಗಾದರೂ ಮುಗಿದಂತೆಯೇ ಕಾಣುತ್ತದೆ. ನಾನು ಜಗಲಿಯ ಮೇಲೆ ಕುಳಿತು, ಯಂತ್ರಕ್ಕೆ ಹಾಲು ಸುರಿಯುವ ಮೊದಲು ಏನೇನು ಆಗಬೇಕು ಎಂದು ಕೇಳಿದೆ. ಯಂತ್ರ ಕೂರಲು ಗಟ್ಟಿ ಕಟ್ಟೆ, ತೊಳೆದ ನೀರು ಹರಿಯಲು ಚರಂಡಿ, ಬೋರ್‌ವೆಲ್‌ನಿಂದ ಪೈಪು, ಟೈಲ್ಸು, ತ್ರೀ ಫೇಸ್ ಕರೆಂಟು. ಗೋಡೆ, ಚಾವಣಿಯೂ ಸೇರಿದಂತೆ ಒಂದೊಂದು ಕೆಲಸಕ್ಕೂ ಅದು ಬೇಡುವ ಶ್ರಮ ಮತ್ತು ಸಮಯ ನೋಡಿ ನೂರರಲ್ಲಿ ಒಂದು ಪಾಲು ಕೊಟ್ಟೆ. ಪೂರ್ತಿ ಮುಗಿದ ಕೆಲಸಕ್ಕೆ ಮಾತ್ರ ಲೆಕ್ಕ, ಅರ್ಧ ಆದದ್ದಕ್ಕೆ ಸೊನ್ನೆ ಎಂದೆ. ಕೂಡಿ ನೋಡಿದಾಗ, ಅರ್ಧ ದಾಟಿರಬೇಕಿದ್ದ ಕೆಲಸ ಮೂರನೇ ಒಂದು ಭಾಗದ ಹತ್ತಿರವೇ ನಿಂತಿತ್ತು.

ಅಧ್ಯಕ್ಷೆಯ ಮುಖ ಸ್ವಲ್ಪವೂ ಬಾಡಲಿಲ್ಲ. ಇದನ್ನು ಹಳೆ ಡೈರಿಯ ಗೋಡೆ ಮೇಲೆ ಬರೆಯಿರಿ, ಬೆಳಿಗ್ಗೆ ಹಾಲು ಹಾಕಲು ಬರುವವರೆಲ್ಲ ನೋಡಲಿ ಎಂದರು. ವಾರವಾರಕ್ಕೆ ಆಗಬೇಕಾದದ್ದಕ್ಕೆ ನೀಲಿ ಗೆರೆ, ಆದದ್ದಕ್ಕೆ ಕೆಂಪು ಎಳೆದೆ. ನೀಲಿ ಸರಸರನೆ ಮೇಲೇರುತ್ತಿತ್ತು, ಕೆಂಪು ಎಲ್ಲೋ ಕೆಳಗೆ ಉಳಿದಿತ್ತು.

ಮೇಸ್ತ್ರಿಗೆ ಅವಮಾನವಾಯಿತು. “ಊರ್ಗೆಲ್ಲ ಕಾಣಂಗೆ ಆಕ್ಬಿಟ್ರಲ್ಲ ಮೇಡಂ. ನಾನೇನು ಸುಮ್ನೆ ಕುಂತಿದ್ನಾ?”

ನನಗಿಂತ ಮೊದಲು ಅಧ್ಯಕ್ಷೆಯೇ ಉತ್ತರ ಕೊಟ್ಟರು. “ನಿನ್ ಮ್ಯಾಲೆ ಬರ್ದಿದ್ದಲ್ಲ ಕಣಪ್ಪ. ಕರೆಂಟಿಗೆ ಅರ್ಜಿ ಆಕೋದು ನಮ್ ಕೆಲ್ಸ. ಕೊನೇಗೆ ಆಕಿದ್ರಾಯ್ತು ಅಂತ ನಾವೇ ಬಿಟ್ಟಿದ್ವಿ. ಆ ಕೆಂಪು ಕೆಳಗೈತೆ ಅಂದ್ರೆ ಅದ್ರಲ್ಲಿ ನಮ್ದೂ ಪಾಲೈತೆ.”

ಮೇಸ್ತ್ರಿ ಗೋಡೆಯ ಹತ್ತಿರ ಹೋಗಿ ಎರಡು ಗೆರೆಗಳ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದರು. ಆಮೇಲೆ, ಹೊರಗಿನ ಗಾರೆ ಕೆಲಸ ನಿಲ್ಲಿಸಿ ಕಟ್ಟೆ, ಚರಂಡಿ ಮೊದಲು ಮಾಡುತ್ತೇನೆ ಎಂದು ತಾವೇ ಹೇಳಿದರು. ಮರುದಿನ ಅಧ್ಯಕ್ಷೆ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗಿ ಕರೆಂಟಿನ ಅರ್ಜಿ ಕೊಟ್ಟು ಬಂದರು.

ಅಲ್ಲಿಂದ ಪ್ರತಿ ಭಾನುವಾರ ನಾನು ಕೆಂಪು ಬಣ್ಣದ ಡಬ್ಬಿ ಹಿಡಿದು ಹೋಗುತ್ತಿದ್ದೆ. ಮೊದಮೊದಲು ಕೆಂಪು ಗೆರೆ ತೆವಳುತ್ತಿತ್ತು. ಒಬ್ಬಾಕೆ, ಆ ನೀಲಿಯನ್ನೇ ಸ್ವಲ್ಪ ಕೆಳಗೆ ಎಳೆಯಬಾರದೇ ಎಂದು ಕೇಳಿದರು. ಕಾರ್ಖಾನೆಯಲ್ಲಿ ದೊಡ್ಡ ದೊಡ್ಡವರೂ ಇದನ್ನೇ ಕೇಳುತ್ತಾರೆ ಎಂದು ನಾನು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯುಗಾದಿ ಮುಂದಕ್ಕೆ ಹೋಗುವುದಿಲ್ಲವಲ್ಲ, ನೀಲಿ ಇದ್ದಲ್ಲೇ ಇರಲಿ ಎಂದೆ. ಹಾಲು ಹಾಕಿ ಹೋಗುವಾಗ ಹೆಂಗಸರು ಸಿಮೆಂಟು ಗಟ್ಟಿಯಾಗಲೆಂದು ಸರದಿಯಂತೆ ಹೊಸ ಕಟ್ಟೆಗೆ ನೀರು ಹಾಕತೊಡಗಿದರು. ಪೈಪಿನವನು ಕೈಕೊಟ್ಟ ವಾರ ಕೆಂಪು ಕದಲಲೇ ಇಲ್ಲ. ಅದನ್ನು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಅಧ್ಯಕ್ಷೆ ಬೇರೊಬ್ಬನನ್ನು ಕರೆತಂದಿದ್ದರು. ಆಮೇಲೆ ಕರೆಂಟಿನ ಕಂಬಗಳು ಬಂದವು, ಮೀಟರ್ ಕೂತಿತು. ಕೆಂಪು ಒಂದೇ ನೆಗೆತಕ್ಕೆ ನೀಲಿಯ ಹತ್ತಿರ ಬಂತು.

ಅದರ ಮುಂದಿನ ಭಾನುವಾರ ಮೇಸ್ತ್ರಿ ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು, “ಇವತ್ತು ನಾನೇ ಎಳೀತೀನಿ ಮೇಡಂ” ಎಂದರು. ಎಳೆದದ್ದು ನೀಲಿಗಿಂತ ಮೇಲಕ್ಕೆ. ಒಳಗೆ ಹೋಗಿ ನೋಡಿದರೆ ಮೂಲೆಯಲ್ಲಿ ಒಂದು ಸಾಲು ಟೈಲ್ಸ್ ಬಾಕಿ ಇತ್ತು. ಇದು ಲೆಕ್ಕಕ್ಕೆ ಬರುವುದಿಲ್ಲ ಎಂದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕು, ಗೆರೆಯನ್ನು ಬಟ್ಟೆಯಲ್ಲಿ ಒರೆಸಿ, ಲುಂಗಿ ಎತ್ತಿ ಕಟ್ಟಿ ಒಳಗೆ ಕುಳಿತರು. ಸಂಜೆಯೊಳಗೆ ಆ ಸಾಲು ಮುಗಿಸಿ ಮತ್ತೆ ಎಳೆದರು. ಈ ಸಲ ಕೆಂಪು ನೀಲಿಯನ್ನು ದಾಟಿಯೇಬಿಟ್ಟಿತು. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಕಾರ್ಖಾನೆಯಲ್ಲಿ ಎಷ್ಟೋ ಯೋಜನೆಗಳು ಮುಗಿದದ್ದನ್ನು ಕಂಡಿದ್ದೇನೆ, ಆದರೆ ಒಂದು ಗೆರೆಗೆ ಚಪ್ಪಾಳೆ ಬಿದ್ದದ್ದನ್ನು ಕಂಡದ್ದು ಅಂದೇ.

ಯುಗಾದಿಗೆ ಮೊದಲೇ ಯಂತ್ರ ಹೊತ್ತ ಲಾರಿ ಬಂತು. ಯಂತ್ರ ಕಟ್ಟೆಯ ಮೇಲೆ ಅಲುಗದೆ ಕೂತಿತು. ಅಧ್ಯಕ್ಷೆ ಮೊದಲ ಕ್ಯಾನಿನ ಹಾಲು ಸುರಿದು ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿಗೆ ಒಂದು ಲೋಟ ಹಾಲು ತೆಗೆದು, ಲೋಟವನ್ನು ನನ್ನ ಕೆನ್ನೆಗೆ ಒತ್ತಿದರು. ತಣ್ಣಗೆ ಕೊರೆಯಿತು. ಆಕೆಯ ಕಣ್ಣಲ್ಲಿ ನೀರಿತ್ತು, ಬಾಯ್ತುಂಬ ನಗುವಿತ್ತು. ಮಧ್ಯಾಹ್ನ ಅದೇ ಹಾಲಿನ ಪಾಯಸ. ಮೇಸ್ತ್ರಿ ಮತ್ತೆ ಮತ್ತೆ ಹಾಕಿಸಿಕೊಂಡರು, ನಾನೂ ಅಷ್ಟೆ.