ಕೋಥರೂಡದ ಸೋದರಿ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಬೇಕಾದರೆ ಪಂಥ ಕಟ್ಟಿ. ಇಲ್ಲದ ಒಬ್ಬ ಹೆಂಗಸನ್ನು ನಾನು ಹುಟ್ಟಿಸಿದೆ, ಹತ್ತು ತಿಂಗಳು ಸಾಕಿದೆ, ಕೊನೆಗೆ ನಾನೇ ಕೊಂದೆ. ಪುಣೆಯ ಯಾವ ಪೊಲೀಸನೂ ನನ್ನ ಬಾಗಿಲು ಬಡಿಯಲಿಲ್ಲ. ಸುಳ್ಳು ಅನ್ನಿ, ಅನ್ನಿ. ಜೀವಮಾನವಿಡೀ ಆ ಮಾತು ಕೇಳಿಸಿಕೊಂಡವನಿಗೆ ನಿಮ್ಮೊಬ್ಬರ ಬಾಯಿಂದ ಕೇಳಿದರೆ ಏನೂ ಮುಕ್ಕಾಗುವುದಿಲ್ಲ. ಆದರೆ ಈ ಸಲ ಒಂದೇ ಒಂದು ಸಂಗತಿಯನ್ನು ಮಾತ್ರ ಕೈಯಿಂದ ಸೇರಿಸಿದ್ದೇನೆ. ಜಾಣರಾದರೆ ಹಿಡಿಯಿರಿ.

ಇವತ್ತು ಮುಂಜಾನೆ ಸೊಸೆ ಸುಮಾ ಅಟ್ಟ ಸ್ವಚ್ಛ ಮಾಡುತ್ತಿದ್ದಳು. ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ಕೆಳಗೆ ಎಳೆದು, "ಮಾಮಾ, ಇದನ್ನ ರದ್ದಿಯವಗ ಹಾಕಲೇನ್ರಿ?" ಎಂದಳು. ಗಂಟು ಬಿಚ್ಚಿಕೊಂಡಿತ್ತು. ಮೂಗಿಗೆ ಹಳೆಯ ವಾಸನೆಯೊಂದು ಬಡಿಯಿತು: ಮೈದಾ ಹಿಟ್ಟಿನ ಅಂಟು, ಅದಕ್ಕೆ ಹುಳ ಹಿಡಿಯದಿರಲೆಂದು ಬೆರೆಸಿದ ಮೈಲುತುತ್ತು. "ಮುಟ್ಟಬ್ಯಾಡ!" ಎಂದು ನಾನು ಕೂಗಿದ್ದು ನೋಡಿ ಅವಳು ಹೆದರಿದಳು. ನನ್ನ ಮಾತಿಗೆ ಈ ಮನೆಯಲ್ಲಿ ಯಾರೂ ಹೆದರಿ ಭಾಳ ದಿನವಾಗಿತ್ತು. ನನಗೂ ಹೊಸದೆನಿಸಿತು.

ಆ ಗಂಟಿನಲ್ಲಿರುವುದು ರಾಘಣ್ಣನ ಕಾದಂಬರಿ. ಮುಗಿಯದ ಕಾದಂಬರಿ.

ಮಹಾಯುದ್ಧದ ಕಾಲದ ಮಾತು. ನಾರಾಯಣ ಪೇಠೆಯ ಒಂದು ವಾಡೆಯಲ್ಲಿ ನಾವು ಹನ್ನೊಂದು ಬಿಡಾರದವರು ಇದ್ದೆವು. ಒಂದು ಅಂಗಳ, ಒಂದು ನಳ. ನಮ್ಮದು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಸಣ್ಣ ಅಂಗಡಿ. ಅಂಗಡಿ ಸಣ್ಣದಾದರೂ ನನ್ನ ಕೀರ್ತಿ ದೊಡ್ಡದಿತ್ತು. ಬಚ್ಚಲ ನೀರಿಗೆ ಗಟಾರ ತೋಡಿಸಿ ಎಂದು ಬಾಡಿಗೆದಾರರೆಲ್ಲ ಎರಡು ವರ್ಷ ಗೋಗರೆದರೂ ವಾಡೆಯ ಮಾಲಕ ಕಿವಿಗೆ ಹಾಕಿಕೊಂಡಿರಲಿಲ್ಲ. ನಾನೊಂದು ಕಾಗದ ಬರೆದೆ, ಒಲೆಯ ಹೊಗೆಗೆ ಹಿಡಿದು ಹಳತು ಮಾಡಿದೆ, ಬಚ್ಚಲಿಂದ ಬೀದಿಯವರೆಗಿನ ಅಂಗಳದಲ್ಲಿ ಪೇಶ್ವೆ ಕಾಲದ ಹೊನ್ನಿನ ಹಂಡೆ ಹುಗಿದಿದೆ ಎಂಬ ಆ ಕಾಗದ ಅವನ ಕೈಗೇ ಸಿಗುವಂತೆ ಮಾಡಿದೆ. ಅವನೇ ಆಳು ಹಚ್ಚಿ ಅಗೆಸಿದ, ಮೂರು ದಿನದಲ್ಲಿ ಗಟಾರ ತಯಾರು! ಇಂಥ ಕಾರ್ಯಗಳು ನನ್ನ ಹೆಸರಿನಲ್ಲಿ ನಲವತ್ತಾದರೂ ಇವೆ. ಎಲ್ಲ ಹೇಳುತ್ತ ಕೂತರೆ ನಿಮ್ಮ ಚಹಾ ಆರುತ್ತದೆ.

ರಾಘಣ್ಣ ನಮ್ಮ ಗೋಡೆಯಾಚೆಯ ಕೋಣೆಯವನು. ಗದಗಿನ ಕಡೆಯವನು, ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ, ನನಗಿಂತ ನಾಲ್ಕು ವರ್ಷ ದೊಡ್ಡವನು. ದಿನಾ ಮುಂಜಾನೆ ಐದಕ್ಕೆ ಎದ್ದು ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದ. ಕೂತು ಬರೆಯಲು ಜಾಗವಿರಲಿಲ್ಲ. ಕೋಣೆಯಲ್ಲಿ ಇನ್ನೂ ಹಾಸಿಗೆಗಳು ಇರುತ್ತಿದ್ದವು. ಕಾಗದ ಸಿಗದ ಕಾಲ ಅದು. ಹಳೆಯ ಪಂಚಾಂಗದ ಅಂಚು, ಲಗ್ನಪತ್ರಿಕೆಯ ಬೆನ್ನು, ನಮ್ಮ ಅಂಗಡಿಯ ಸೀರೆ ಸುತ್ತಿ ಬಂದ ಕಾಗದ, ಯಾವುದನ್ನೂ ಬಿಡುತ್ತಿರಲಿಲ್ಲ. ಆರಕ್ಕೆ ನಳ ಬರುತ್ತಿತ್ತು. ಅದರ ಜೊತೆಗೇ ಅವನ ಹೆಂಡತಿ, ನಮ್ಮ ಇಂದಿರಾ ವೈನಿಯ ದನಿ:

"ನಿಮ್ಮ ಚಂದ್ರವ್ವ ಹೊಳಿ ದಾಟೂದರೊಳಗ ನಮ್ಮ ನೀರಿನ ಪಾಳಿ ದಾಟಿ ಹೋತು. ಏಳ್ರಿ, ಕೊಡ ಹಿಡೀರಿ!"

ಚಂದ್ರವ್ವ ಅವನ ಕಾದಂಬರಿಯ ನಾಯಕಿ. ಕೆಲಸ ಹುಡುಕಿಕೊಂಡು ಪುಣೆಗೆ ಹೋದ ಗಂಡ ಮೂರು ವರ್ಷದಿಂದ ಕಾಗದ ಬರೆದಿಲ್ಲ. ಇವಳು ಬುತ್ತಿ ಕಟ್ಟಿಕೊಂಡು, ನಡೆದೇ, ಅವನನ್ನು ಹುಡುಕಲು ಹೊರಟಿದ್ದಾಳೆ. ಅಷ್ಟೇ ಕಥೆ. ಊರಿಂದೂರಿಗೆ ನಡೆಯುತ್ತಾಳೆ, ನಡೆಯುತ್ತಾಳೆ, ನಡೆಯುತ್ತಾಳೆ.

"ರಾಘಣ್ಣ, ಆಕೀನ್ನ ನಿಮ್ಮ ಗೂಡ್ಸ್ ಗಾಡಿಯಾಗರ ಹತ್ತಸ್ರಿ. ಓದಾವ್ರ ಕಾಲು ನೋಯತಾವು," ಎಂದು ನಾನು ಛೇಡಿಸುತ್ತಿದ್ದೆ.

ಯಾಕೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದೆ. "ಆಫೀಸಿನ್ಯಾಗ ಇಂಗ್ಲಿಷ್, ನಳದ ಮುಂದ ಮರಾಠಿ. ದಿನಾ ಪೂರಾ ಮಂದಿ ಅಂಗಿ ತೊಟ್ಟಂಗ ಆಗತದ ಸಾವಕಾರ್ರ. ಮುಂಜಾನಿ ಒಂದ ತಾಸು ನನ್ನ ಅಂಗಿ ಹಾಕ್ಕೋತೀನಿ," ಎಂದ. ಅಂಗಡಿಯವನೆಂದು ನನ್ನನ್ನು ಸಾವಕಾರ್ರ ಎನ್ನುತ್ತಿದ್ದ. "ಹಂಗಾರ ಅಳತಿ ಕೊಡ್ರಿ, ಬಟ್ಟಿ ನಮ್ಮ ಅಂಗಡೀದು ಇರಲಿ," ಎಂದೆ ನಾನು. ಈಗ ಯೋಚಿಸಿದರೆ, ಆ ಮನುಷ್ಯ ನನಗೆ ಹೇಳಿದ ಎಲ್ಲ ಒಳ್ಳೆಯ ಮಾತಿಗೂ ನಾನು ಹೀಗೇ ಉತ್ತರ ಕೊಟ್ಟಿದ್ದೇನೆ.

ಮೊದಲ ನಾಲ್ಕು ಅಧ್ಯಾಯಗಳನ್ನು ಧಾರವಾಡದ ಒಬ್ಬ ಪ್ರಕಾಶಕರಿಗೆ ಕಳಿಸಿದ್ದ. ಆರು ತಿಂಗಳಿಗೆ ಕಟ್ಟು ವಾಪಸು ಬಂತು. "ದಾರಾ ನಾ ಕಟ್ಟಿದ್ದ ದಾರಾ, ಗಂಟು ನಾ ಹಾಕಿದ್ದ ಗಂಟು," ಎಂದು ತೋರಿಸಿದ. ಬೇಸರದಿಂದಲ್ಲ, ಗೂಡ್ಸ್ ಆಫೀಸಿನವನು ಸರಕು ಪರೀಕ್ಷಿಸುವ ಹಾಗೆ.

ಆಗ ಪುಣೆಯ ಕನ್ನಡ ಮನೆಗಳಲ್ಲಿ ಒಂದು ಕೈಬರಹದ ಮಾಸಿಕ ತಿರುಗುತ್ತಿತ್ತು. ಅದಕ್ಕೆ ದೊಡ್ಡದೊಂದು ಸಂಸ್ಕೃತದ ಹೆಸರಿತ್ತು. ನಾವು ವಹಿ ಎನ್ನುತ್ತಿದ್ದೆವು. ತಿಂಗಳಿಗೆ ಒಂದೇ ಪ್ರತಿ. ಅಕ್ಷರ ದುಂಡಗಿದ್ದವೆಂದು ಬರೆಯುವ ಕೆಲಸ, ಹೊಲಿದು ಅಂಟಿಸುವ ಕೆಲಸ ರಾಘಣ್ಣನದೇ. ಅವನ ಕಾದಂಬರಿಯೂ ತಿಂಗಳಿಗೊಂದು ಅಧ್ಯಾಯದಂತೆ ಅದರಲ್ಲೇ ಬರುತ್ತಿತ್ತು. ಮೊದಲ ಪುಟದಲ್ಲಿ ಇಪ್ಪತ್ತೆರಡು ಮನೆಗಳ ಪಟ್ಟಿ. ಒಂದು ಮನೆಯವರು ಒಂದು ದಿನ ಇಟ್ಟುಕೊಂಡು ಮುಂದಿನ ಮನೆಗೆ ಮುಟ್ಟಿಸಬೇಕು. ಪಟ್ಟಿಯಲ್ಲಿ ಕೊನೆಯ ಮನೆ ನಮ್ಮದು. ನಮ್ಮಿಂದ ಮತ್ತೆ ರಾಘಣ್ಣನಿಗೆ. ಹಿಂದೆ ನಾಲ್ಕು ಖಾಲಿ ಪುಟ, 'ಓದಿದವರ ಮಾತು' ಎಂಬ ತಲೆಬರಹ. ಅಲ್ಲಿ ಜನ ಏನು ಬರೆಯುತ್ತಿದ್ದರು ಗೊತ್ತೇ? 'ಅಕ್ಷರ ಸುಂದರ ಇವೆ.' 'ಸದಾಶಿವ ಪೇಠೆಯಲ್ಲಿ ಕೋಣೆ ಖಾಲಿ ಇದೆ.' ಒಬ್ಬರು ಗುರೆಳ್ಳು ಚಟ್ನಿ ಮಾಡುವ ಕ್ರಮ ಬರೆದಿದ್ದರು. ಚಂದ್ರವ್ವನ ಬಗ್ಗೆ ಒಂದಕ್ಷರವಿಲ್ಲ.

ರಾಘಣ್ಣ ತನ್ನ ಅಧ್ಯಾಯದ ನಡುವಿನ ಹಾಳೆಯ ಮಡಿಕೆಯಲ್ಲಿ ಒಂದು ತುಳಸಿ ಎಲೆ ಇಡುತ್ತಿದ್ದ. ಹಾಳೆ ತೆರೆದರೆ ಅದು ಕೆಳಗೆ ಬೀಳಬೇಕು. "ಇಪ್ಪತ್ತೆರಡು ಮನಿ ತಿರಗಿ ಬಂದರೂ ಎಲಿ ಇಟ್ಟಲ್ಲೇ ಇರತದರಿ, ಸಾವಕಾರ್ರ. ಇನ್ನೊಂದ ತಿಂಗಳಾ ನೋಡತೀನಿ. ಆಮ್ಯಾಲೆ ಬಿಟ್ಟಬಿಡತೀನಿ," ಎಂದ ಒಂದು ದಿನ.

ಅಂದರೆ ನಾನೂ ಓದಿರಲಿಲ್ಲ ಎಂದಾಯಿತಲ್ಲ! ಆ ತಿಂಗಳು ವಹಿ ಬಂದಾಗ ಎಲೆಯನ್ನು ಬಾಯಿಗೆ ಹಾಕಿಕೊಂಡೆ, ಅಧ್ಯಾಯ ಓದಿದೆ, ಹಿಂದಿನ ಪುಟದಲ್ಲಿ ಹೆಂಗಸಿನ ಹಾಗೆ ಸಣ್ಣಗೆ ಬರೆದೆ: 'ಚಂದ್ರವ್ವನ ಕೈಯಲ್ಲಿ ಯಾವಾಗಲೂ ಬುತ್ತಿ ಇರುತ್ತದೆ. ಪಾಪ, ಅವಳು ಉಣ್ಣುವುದು ಯಾವಾಗ? ಇಂತು ಒಬ್ಬ ಸೋದರಿ, ಕೋಥರೂಡ.'

ಇಂದಿನವರಿಗೆ ಇದರ ತಮಾಷೆ ತಿಳಿಯುವುದಿಲ್ಲ. ಆಗ ಕೋಥರೂಡ ಎಂದರೆ ಊರ ಹೊರಗಿನ ಹಳ್ಳಿ. ಹೊಲ, ನಾಲ್ಕು ತೋಟ, ಎಮ್ಮೆ. ಅಲ್ಲೊಬ್ಬಳು ಕನ್ನಡ ಕಾದಂಬರಿ ಓದುತ್ತ ಕೂತಿದ್ದಾಳೆ!

ವಹಿ ಮರಳಿಸಿದ ದಿನ ಸಂಜೆಗೆ ರಾಘಣ್ಣ ಅಂಗಡಿಗೇ ಓಡಿ ಬಂದ. ಟೊಪ್ಪಿಗೆ ವಾರೆಯಾಗಿತ್ತು. "ಯಾರ್ರೀ ಇವರು?"

"ನಮ್ಮ ಗಿರಾಕಿ ರೀ. ಬಾಗಲಕೋಟಿ ಕಡೆಯವರು. ಯಜಮಾನರು ಅಲ್ಲೊಂದ ತೋಟಾ ನೋಡಕೋತಾರ. ಸೀರಿಗೆ ಬಂದಾಗ ವಹಿ ಕಂಡರು, ಒಂದ ದಿನಾ ಕೊಟ್ಟಿದ್ದೆ."

"ಬುತ್ತಿ ಮಾತು ಖರೇನ ಅದ. ನನಗ ಹೊಳೀಲೇ ಇಲ್ಲ ನೋಡ್ರಿ!" ಎಂದು ಹಣೆ ಬಡಿದುಕೊಂಡು ಹೋದ.

ಅಲ್ಲಿಂದ ಹತ್ತು ತಿಂಗಳು ನನಗೆ ಹಬ್ಬ. ಸೋದರಿ ಕೇಳುತ್ತಿದ್ದಳು, ರಾಘಣ್ಣ ಮುಂದಿನ ಅಧ್ಯಾಯದಲ್ಲಿ ಉತ್ತರ ಕೊಡುತ್ತಿದ್ದ. ಚಂದ್ರವ್ವನ ಚಪ್ಪಲಿ ಸವೆಯಲಿಲ್ಲವೇ ಎಂದರೆ ಚಪ್ಪಲಿ ಹರಿಯುತ್ತಿತ್ತು. ದಾರಿಯಲ್ಲಿ ಒಬ್ಬರೂ ಅವಳಿಗೆ ಕೆಟ್ಟದ್ದು ಮಾಡುವುದಿಲ್ಲವಲ್ಲ ಎಂದರೆ ಒಬ್ಬ ಕಳ್ಳ ಬರುತ್ತಿದ್ದ. ಚಹಾದ ಅಂಗಡಿಯಲ್ಲಿ ಗೆಳೆಯರಿಗೆ ಇದನ್ನೆಲ್ಲ ಅಭಿನಯಿಸಿ ತೋರಿಸಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದೇನೆ. ಒಂದು ಶನಿವಾರ ರಾಘಣ್ಣ ನಮ್ಮಲ್ಲಿ ಒಂದು ಖಣ ಕೊಂಡ, ಹಸಿರು, ಕೆಂಪು ದಡಿ. "ವೈನಿಗೇನ್ರಿ?" ಎಂದೆ. "ಹ್ಞೂಂ," ಎಂದ.

ಒಂದು ತೊಂದರೆ ಮಾತ್ರ ಇತ್ತು. ಕೊಂಕು ತೆಗೆಯಲು ಕೂಡ ಪೂರ್ತಿ ಓದಬೇಕು. ಒಂಬತ್ತನೆಯ ತಿಂಗಳು ಬುತ್ತಿಯ ಅಧ್ಯಾಯ ಬಂತು. ಚಂದ್ರವ್ವ ಜಾಲಿಯ ನೆರಳಿನಲ್ಲಿ ಕೂತು ಗಂಟು ಬಿಚ್ಚುತ್ತಾಳೆ. ಎರಡು ರೊಟ್ಟಿ. ಒಂದು ಇವತ್ತಿನದು, ತನ್ನದು. ಇನ್ನೊಂದು ಮನೆ ಬಿಟ್ಟ ದಿನ ಗಂಡನಿಗೆಂದು ಬಡಿದದ್ದು. ತನ್ನದನ್ನು ತಿನ್ನುತ್ತಾಳೆ, ಅವನದನ್ನು ಹಾಗೇ ಕಟ್ಟುತ್ತಾಳೆ. ಅದು ಹೆಂಚಾಗಿದೆ ಎಂದು ಅವಳಿಗೆ ಗೊತ್ತಿದೆ. ಆದರೂ ಕಟ್ಟುತ್ತಾಳೆ.

ಓದುತ್ತ ಓದುತ್ತ ಅಂಗಡಿಯಲ್ಲೇ ಅತ್ತುಬಿಟ್ಟೆ. ನಾನು! ಎದುರಿಗಿದ್ದ ಗಿರಾಕಿಗೆ, ಸೀರೆಯ ಗಂಜಿ ಕಣ್ಣಿಗೆ ಹೋಯಿತು ಎಂದೆ. ಪುಣೆಯನ್ನೆಲ್ಲ ಕುಣಿಸಿದವನನ್ನು ಈ ಗೂಡ್ಸ್ ಗುಮಾಸ್ತ ಎರಡು ರೊಟ್ಟಿಯಿಂದ ಅಳಿಸಿದ್ದ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹೊಟ್ಟೆಕಿಚ್ಚು ಎಂಬುದಕ್ಕೆ ನಾನಾಗ 'ಆಟ ಸಾಕಾಯಿತು' ಎಂದು ಹೆಸರಿಟ್ಟೆ.

ಹತ್ತನೆಯ ತಿಂಗಳ ಅಧ್ಯಾಯದ ಕೊನೆಗೆ ಚಂದ್ರವ್ವ ತುಂಬಿದ ಮಲಪ್ರಭೆಯಲ್ಲಿ ಹರಿಗೋಲು ಹತ್ತಿದ್ದಳು. ನಾನು ಎಡಗೈಯಲ್ಲಿ ಪೆನ್ನು ಹಿಡಿದು, ಅಕ್ಷರ ಬದಲಿಸಿ, ಸೋದರಿಯ ಯಜಮಾನನಾಗಿ ಹಿಂದಿನ ಪುಟದಲ್ಲಿ ಬರೆದೆ: 'ನಮ್ಮ ಮನೆಯವರು ವಿಷಮಜ್ವರದಿಂದ ತೀರಿಕೊಂಡರು. ಚಂದ್ರವ್ವ ದಡ ಮುಟ್ಟಿದಳೇ ಎಂದು ಕೊನೆಯವರೆಗೂ ಕೇಳುತ್ತಿದ್ದರು.'

ಎಂಥ ಮುಕ್ತಾಯ! ಹೆಮ್ಮೆಪಟ್ಟೆ. ರಾಘಣ್ಣ ಈ ಸಲ ಅಂಗಡಿಗೆ ಬರಲಿಲ್ಲ. ಮುಂದಿನ ತಿಂಗಳ ವಹಿಯಲ್ಲಿ ಅವನ ಅಧ್ಯಾಯ ಇರಲಿಲ್ಲ. ಅದರ ಮುಂದಿನ ತಿಂಗಳು ವಹಿಯೇ ಇರಲಿಲ್ಲ. ಮುಂಜಾನೆ ಐದಕ್ಕೆ ಗೋಡೆಯಾಚೆ ಸದ್ದಿಲ್ಲ. ಆರಕ್ಕೆ ನಳ ಬಂದಾಗ ರಾಘಣ್ಣನೇ ಎಲ್ಲರಿಗಿಂತ ಮೊದಲು ಕೊಡ ಹಿಡಿದು ನಿಂತಿರುತ್ತಿದ್ದ.

ಮೂರು ತಿಂಗಳಿಗೆ ಅವನಿಗೆ ಗದಗಿಗೆ ವರ್ಗವಾಯಿತು. ಬೀಳ್ಕೊಡಲು ಸ್ಟೇಷನ್ನಿಗೆ ಹೋದೆ. ರಾಘಣ್ಣ ಕುಡಿಯುವ ನೀರು ತರಲು ಹೋದಾಗ ವೈನಿ ಹತ್ತಿರ ಬಂದಳು.

"ಭಾವೋಜಿ, ಒಂದ ಮಾತು. ಆ ಕೋಥರೂಡದ ಅಕ್ಕಾವರನ್ನ ಇವರು ಮೂರನೇ ತಿಂಗಳಿಗೇ ಹುಡುಕಿಕೊಂಡು ಹೋಗಿದ್ರು. ಉಡಿ ತುಂಬಿ ಬರೂಣು ಅಂತ ನನಗೂ ನಡೀ ಅಂದ್ರು, ಖಣಾ ತಂದಿದ್ರು. ಇಬ್ಬರೂ ಹೋದ್ವಿ. ನಾಕೂ ತೋಟಾ ಕೇಳಿದ್ವಿ, ಊರೆಲ್ಲಾ ಕೇಳಿದ್ವಿ. ಕನ್ನಡದವರು ಒಬ್ಬರೂ ಇಲ್ಲಂದ್ರು."

"ಮತ್ತ?" ಎಂದೆ.

"ಮತ್ತೇನ? ಮರುದಿನ ಐದಕ್ಕ ಎದ್ದು ಮತ್ತ ಬರಿಲಿಕ್ಕೆ ನಿಂತ್ರು. ನಾ ಅಂದೆ, ಅಲ್ರೀ, ಅಂಥಾ ಹೆಣಮಗಳೇ ಇಲ್ಲಲ್ಲ? 'ಎಲಿ ಇರಲಿಲ್ಲಲ್ಲ ಇಂದಿರಾ, ಯಾರೋ ಒಬ್ಬರು ಓದತಾರ' ಅಂದ್ರು. ಆಕಿ ಸತ್ತ ಸುದ್ದಿ ಬಂದ ದಿನ ತಲಿ ಮ್ಯಾಲೆ ನೀರು ಹಾಕ್ಕೊಂಡು, ಉಣ್ಣದ ಹಂಗೇ ಆಫೀಸಿಗೆ ಹೋದ್ರು. ಇಲ್ಲದಾಕಿಗೆ ಯಾಕ ಸೂತಕಾ, ಭಾವೋಜಿ? ನಿಮಗೇನರ ತಿಳೀತದೇನು?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹಳಿಗಳನ್ನು ನೋಡಿದೆ.

ರಾಘಣ್ಣ ಬಂದ. ನೀರಿನ ತಂಬಿಗೆ ಹೆಂಡತಿಗೆ ಕೊಟ್ಟು, ಸಾಮಾನಿನೊಳಗಿಂದ ಒಂದು ಗಂಟು ತೆಗೆದು ನನ್ನ ಕೈಗಿಟ್ಟ. "ವಹಿಗಳು. ನಿಮ್ಮ ಕಡೆ ಇರಲಿ. ಪಟ್ಟಿಯಾಗ ಕಡೀ ಮನಿ ನಿಮ್ಮದಲ್ಲ?"

"ರಾಘಣ್ಣ, ಚಂದ್ರವ್ವನ್ನ ದಡಾ ಮುಟ್ಟಸ್ರಿ," ಎಂದೆ. ನಾನೇ ಆ ಸೋದರಿ ಎನ್ನುವುದು ಹಲ್ಲಿನವರೆಗೆ ಬಂದು ನಿಂತಿತು.

"ಅಕ್ಕಾವರು ಹೋದ್ರಲ್ಲ ಸಾವಕಾರ್ರ. ಇನ್ನ ಯಾರಿಗಂತ ಮುಟ್ಟಸಲಿ?" ಎಂದು ಗಟ್ಟಿಯಾಗಿ ನಕ್ಕ, ನನ್ನ ಬೆನ್ನ ಮೇಲೆ ಒಂದು ಗುದ್ದಿದ. ಗಾಡಿ ಬಿಟ್ಟಿತು.

ಸ್ವಾತಂತ್ರ್ಯ ಬಂದ ವರ್ಷ ವೈನಿಯ ಕಾರ್ಡು ಬಂತು. ರಾಘಣ್ಣ ಹೋದ, ಎದೆನೋವಂತೆ. ಗದಗಿನಲ್ಲಿ ಅವನು ಒಂದು ಸಾಲನ್ನೂ ಬರೆದಿರಲಿಲ್ಲವಂತೆ. ಗಂಟನ್ನು ನಾನು ಬಿಚ್ಚಲೇ ಇಲ್ಲ. ಮನೆ ಬದಲಿಸಿದಾಗಲೆಲ್ಲ ಹೊಸ ಅಟ್ಟಕ್ಕೆ ಏರಿಸಿದೆ. ಕೊನೆಯ ಮನೆ ಎಲ್ಲಿ ಗೊತ್ತೇ? ಮಗ ಫ್ಲ್ಯಾಟು ಕೊಂಡದ್ದು ಕೋಥರೂಡದಲ್ಲಿ. ಆ ತೋಟಗಳ ಮೇಲೆಯೇ ಇರಬೇಕು ಈ ಸೊಸೈಟಿ. ಮೂರನೇ ಮಹಡಿಯಲ್ಲಿ ಕಿಟಕಿಯ ಪಕ್ಕ ಕನ್ನಡ ಓದುತ್ತ ಕೂರುವವನು ನಾನೊಬ್ಬನೇ. ಇದನ್ನು ನಾನು ಸೇರಿಸಿದ್ದೆಂದು ನಿಮಗನಿಸಿರಬೇಕು. ಅಲ್ಲ.

ಇವತ್ತು ಮಧ್ಯಾಹ್ನದವರೆಗೆ ಸೋದರಿ ಬರೆದ ಆ ಹತ್ತೂ ವಹಿ ಓದಿದೆ. ಕೊನೆಯದರ ಹಿಂದಿನ ಪುಟ, ನನ್ನ ಎಡಗೈ ಬರಹ ಇರುವ ಪುಟ ತೆರೆದಾಗ ಮಡಿಕೆಯಿಂದ ಏನೋ ಜಾರಿ ಮಡಿಲಿಗೆ ಬಿತ್ತು. ತುಳಸಿ ಎಲೆ. ಕಪ್ಪಾಗಿದೆ, ಮುಟ್ಟಿದರೆ ಪುಡಿಯಾಗುವಂತಿದೆ. ನಾನು ಇನ್ನೊಮ್ಮೆ ತೆರೆಯುತ್ತೇನೋ ಇಲ್ಲವೋ ಎಂದು ನೋಡಲು ಇಟ್ಟಿದ್ದನೋ, ಸತ್ತವರ ಬಾಯಿಗೆ ಬಿಡುವಂತೆ ಆ ಸೋದರಿಗೆಂದು ಇಟ್ಟಿದ್ದನೋ. ಇದೂ ಸೇರಿಸಿದ್ದಲ್ಲ; ಬಂದರೆ ತೋರಿಸುತ್ತೇನೆ.

ಸುಮಾಳ ಹತ್ತಿರ ಪೆನ್ನು ಇಸಿದುಕೊಂಡು, ಬಲಗೈಯಲ್ಲಿ, ನನ್ನದೇ ಅಕ್ಷರದಲ್ಲಿ, ಆ ಬರಹದ ಕೆಳಗೆ ಬರೆದೆ: 'ಚಂದ್ರವ್ವ ಇನ್ನೂ ಹೊಳೆಯ ನಡುವೆ ಇದ್ದಾಳೆ. ನಾನು ದಡದಲ್ಲಿ ಕಾಯುತ್ತಿದ್ದೇನೆ.' ಕೆಳಗೆ ನನ್ನ ಹೆಸರು, ಕೋಥರೂಡ.

ಹಾಂ, ಆ ಒಂದು ಸಂಗತಿ. ನೀವು ಹಿಡಿಯಲಿಲ್ಲ. ಸ್ಟೇಷನ್ನಿನಲ್ಲಿ ರಾಘಣ್ಣ ನಕ್ಕ ಎಂದೆನಲ್ಲ, ಬೆನ್ನಿಗೆ ಗುದ್ದಿದ ಎಂದೆನಲ್ಲ. ರಾಘಣ್ಣ ನಗಲಿಲ್ಲ.