ನಲವತ್ತನಾಲ್ಕು ಸಲ ಕೆರೆದ ಗೋಡೆ

ಬೆಳಗಿನ ಐದೂಮುಕ್ಕಾಲು. ವಸತಿಶಾಲೆಯ ಮಕ್ಕಳಿನ್ನೂ ಮುಸುಕು ಹೊದ್ದು ಮಲಗಿದ್ದಾರೆ. ಅಂಗಳದಲ್ಲಿ ಮಾತ್ರ ಕರಕರ ಸದ್ದು. ಮೂಗಿಗೆ ಹಳೇ ಟವಲು ಸುತ್ತಿಕೊಂಡು, ಅಗಲ ಬಾಯಿಯ ಕಬ್ಬಿಣದ ಪಟ್ಟಿ ಹಿಡಿದು ಬಣ್ಣದ ಮೇಸ್ತ್ರಿ ಮುಂಗೋಡೆ ಕೆರೆಯುತ್ತಿದ್ದಾರೆ. ಹಳದಿ ಬಣ್ಣ ಸಿಪ್ಪೆಸಿಪ್ಪೆಯಾಗಿ ಉದುರುತ್ತಿದೆ. ಹಾಗಂತ ಗೋಡೆಗೆ ಏನೋ ಆಗಿದೆ ಅಂದುಕೊಳ್ಳಬೇಡಿ. ಬಣ್ಣ ಬಳಿದು ಮೂರು ತಿಂಗಳೂ ಆಗಿಲ್ಲ, ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಆದರೂ ಕೆರೆಯಬೇಕು. ನಾಳಿದ್ದು ಹೊರದೇಶದ ಒಂದು ಚರ್ಚಿನಿಂದ ಹದಿನಾಲ್ಕು ಜನ ಹತ್ತು ದಿನದ ಸೇವೆಗೆ ಬರುತ್ತಿದ್ದಾರೆ. ಅವರಿಗೆ ಬಳಿಯಲು ಒಂದು ಗೋಡೆ ಬೇಕಲ್ಲ!

ಗೇಟಿನ ಪಕ್ಕದ ತುದಿಗೆ ಬಂದಾಗ ಪಟ್ಟಿ ತಾನಾಗಿ ನಿಲ್ಲುತ್ತದೆ. ಅಲ್ಲೊಂದು ನೀಲಿ ಅಂಗೈ ಗುರುತಿದೆ. ಮೇಸ್ತ್ರಿ ಅದರ ಸುತ್ತ ಒಂದಡಿ ಜಾಗ ಬಿಟ್ಟು ಕೆರೆಯುತ್ತಾರೆ. ಅದರ ಕಡೆ ಅಪ್ಪಿತಪ್ಪಿಯೂ ನೋಡುವುದಿಲ್ಲ. "ಅದೊಂದನ್ನ ಈಗ ಕೇಳ್ಬೇಡಿ. ಬೆಳಬೆಳಗ್ಗೆ ಯಾಕೆ ಮರ್ಯಾದೆ ಕಳ್ಕೊಳ್ಳಲಿ" ಎಂದು ಟವಲನ್ನು ಇನ್ನಷ್ಟು ಮೇಲಕ್ಕೆಳೆದುಕೊಳ್ಳುತ್ತಾರೆ.

ಮೇಸ್ತ್ರಿಗೆ ಈಗ ಐವತ್ತಮೂರು. ಹದಿನೈದರಲ್ಲಿ ಬ್ರಷ್ಷು ಹಿಡಿದವರು. ಏಣಿಯಿಂದ ಬಿದ್ದು ಸೊಂಟ ಮುರಿದ ಮೇಲೆ ಎತ್ತರದ ಕೆಲಸ ಯಾರೂ ಕೊಡಲಿಲ್ಲ. ಒಂದು ವರ್ಷ ಮನೆಯಲ್ಲೇ ಕೂತರು. ಹೆಂಡತಿ ಆಗಲೇ ಈ ಅನಾಥ ಮಕ್ಕಳ ವಸತಿಶಾಲೆಯಲ್ಲಿ ಅಡುಗೆಗಿದ್ದರು. ಅವರೇ ವಾರ್ಡನ್ ಮೇಡಂ ಹತ್ತಿರ ಹೇಳಿ ಗಂಡನನ್ನೂ ಸೇರಿಸಿದರು. ಅದಾಗಿ ಹನ್ನೊಂದು ವರ್ಷ. ವರ್ಷಕ್ಕೆ ನಾಲ್ಕು ತಂಡ. ಗೋಡೆ ಅರವತ್ತಡಿ ಉದ್ದ, ಆರಡಿ ಎತ್ತರ. ಎರಡು ದಿನ ಕೆರೆತ, ಒಂದು ದಿನ ಎಮರಿ ಪೇಪರ್ ಉಜ್ಜುವುದು, ಪ್ರೈಮರ್ ಹೊಡೆಯುವುದು. ಅತಿಥಿಗಳು ಬಳಿಯುತ್ತಾರೆ, ಕೊನೇ ದಿನ ಬಣ್ಣಕ್ಕೆ ಕೈ ಅದ್ದಿ ಗೋಡೆ ತುಂಬ ಅಂಗೈ ಗುರುತು ಒತ್ತುತ್ತಾರೆ, ಫೋಟೊ ತೆಗೆಸಿಕೊಂಡು, ಮಕ್ಕಳನ್ನು ತಬ್ಬಿಕೊಂಡು, ಕಣ್ಣೀರು ಒರೆಸಿಕೊಂಡು ಹೋಗುತ್ತಾರೆ. ಮುಂದಿನ ತಂಡ ಬರುವ ಹೊತ್ತಿಗೆ ಮೇಸ್ತ್ರಿ ಆ ಕೈಗಳನ್ನೆಲ್ಲ ಕೆರೆದು ಚೀಲಕ್ಕೆ ತುಂಬುತ್ತಾರೆ. ಈಗ ನಡೆದಿರುವುದು ನಲವತ್ತನಾಲ್ಕನೆಯದು.

"ಹೊಳೇಲಿ ಹುಣಸೆಹಣ್ಣು ತೊಳ್ದಂಗೆ" ಎನ್ನುತ್ತಾರೆ ಹೆಂಡತಿ, ಲೋಟ ಕೈಗಿಡುತ್ತಾ. "ಮನೇಲಿ ಬಾಗಿಲಿಗೆ ಬಣ್ಣ ಹೊಡೀರಿ ಅಂದ್ರೆ ಸೊಂಟ ನೋವು. ಇಲ್ಲಿ ನೋಡಿ, ಚೆನ್ನಾಗಿರೋದನ್ನ ಕೆರೆಯೋಕೆ ಎಲ್ಲಿಲ್ಲದ ಹುರುಪು!"

"ಬಂದೋರು ಕೆಟ್ಟೋರಲ್ಲ ಕಣೇ" ಎನ್ನುತ್ತಾರೆ ಮೇಸ್ತ್ರಿ. "ಪಾಪ, ಬಿಸಿಲಿಗೆ ಟೊಮೇಟೊ ಆಗ್ಬಿಡ್ತಾರೆ. ಗೋಡೆಗಿಂತ ಅವರ ಮೈಮೇಲೇ ಬಣ್ಣ ಜಾಸ್ತಿ. ಬೇಡ ಅನ್ನೋಕೆ ಬಾಯಿ ಬರಲ್ಲ."

ಹಾಗಾದರೆ ಈ ಒಂದೇ ಗೋಡೆ ಯಾಕೆ? ಅಡುಗೆಮನೆಯ ಹಿಂದಿನ ಗೋಡೆಯನ್ನು ನೋಡಿದರೆ ಈ ಪ್ರಶ್ನೆ ಕೇಳದೆ ಇರಲಾಗದು. ಹೊಗೆ ಹತ್ತಿ ಒಳಗೂ ಹೊರಗೂ ಕಡುಕಪ್ಪಾಗಿದೆ, ಗಾರೆ ಉಬ್ಬಿ ಉದುರುತ್ತಿದೆ, ಅರವತ್ತೆರಡು ಮಕ್ಕಳ ಊಟ ಅದರ ಪಕ್ಕದಲ್ಲೇ ಬೇಯುತ್ತದೆ. ಅದಕ್ಕೆ ಬ್ರಷ್ಷು ತಾಗಿದ್ದು ಯಾರಿಗೂ ನೆನಪಿಲ್ಲ. ವಾರ್ಡನ್ ಮೇಡಂ ಮುಚ್ಚಿಡದೆ ಹೇಳುತ್ತಾರೆ: "ಅಲ್ಲಿ ಕತ್ತಲೆ, ಫೋಟೊ ಬರಲ್ಲ. ಇವರು ಖುಷಿಯಾಗಿ ಹೋದ್ರೇನೇ ಮಕ್ಕಳಿಗೆ ಪುಸ್ತಕ, ಬಟ್ಟೆ. ನನಗೂ ಇದು ಇಷ್ಟ ಅಂದ್ಕೊಂಡ್ರಾ?" ಆಮೇಲೆ ಅವರು ಕಿಟಕಿಯ ಕಡೆ ತಿರುಗುತ್ತಾರೆ.

ಆ ನೀಲಿ ಕೈಯ ಕಥೆಯನ್ನು ಮೇಸ್ತ್ರಿ ಹೇಳುವುದು ಮಧ್ಯಾಹ್ನ, ಊಟವಾದ ಮೇಲೆ, ತಲೆ ತಗ್ಗಿಸಿಕೊಂಡು.

ಎರಡು ವರ್ಷದ ಹಿಂದೆ ಬಂದ ತಂಡದಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಮುದುಕರ ಕೈ ಸದಾ ನಡುಗುತ್ತಿತ್ತು. ಕೊನೇ ದಿನ ಅವರೂ ನೀಲಿ ಬಣ್ಣಕ್ಕೆ ಕೈ ಅದ್ದಿ ಗೇಟಿನ ಪಕ್ಕ ಒತ್ತಿದರು. ಊರಿಗೆ ಹೋದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಹೋದ ವರ್ಷ ಅಜ್ಜಿಯ ಪತ್ರ ಬಂತು: ಈ ಸಲವೂ ಬರುತ್ತೇನೆ, ನಮ್ಮವರ ಕೈ ಗುರುತನ್ನು ಒಮ್ಮೆ ಮುಟ್ಟಬೇಕು. ಪತ್ರ ಬರುವ ಹೊತ್ತಿಗೆ ಆ ಗುರುತು ಚೀಲ ಸೇರಿ ಎಷ್ಟೋ ದಿನವಾಗಿತ್ತು.

"ಮೇಡಂ ಬಂದು, ಮೇಸ್ತ್ರಿ, ಏನಾದ್ರೂ ಮಾಡಿ ಅಂದ್ರು. ಏನು ಮಾಡ್ಲಿ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನನ್ನ ಕೈನೇ ಅದ್ದಿ ಒತ್ತಿಬಿಟ್ಟೆ." ಗಾಜು ಸೀಳಿದ ಹಳೇ ಗೆರೆಯಿರುವ ಬಲ ಅಂಗೈಯನ್ನು ಮೇಸ್ತ್ರಿ ಮಡಚಿಕೊಳ್ಳುತ್ತಾರೆ. "ಅಜ್ಜಿ ಬಂದು ಅದರ ಮೇಲೆ ಕೈಯಿಟ್ಟು ಅತ್ರು. ನಾನು ಡಬ್ಬ ಹಿಡ್ಕೊಂಡು ಹಿಂದೇನೇ ನಿಂತಿದ್ದೆ. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಅವತ್ತು ಅನ್ನ ಸೇರ್ಲಿಲ್ಲ."

ಅಂದಿನಿಂದ ಆ ಒಂದಡಿ ಜಾಗ ಹಾಗೇ ಉಳಿದಿದೆ. ಪ್ರತಿ ಸಲ ಕೆರೆಯುವಾಗಲೂ ಮೇಸ್ತ್ರಿ ತಮ್ಮ ಸುಳ್ಳಿನ ಸುತ್ತ ಸುತ್ತಿಕೊಂಡು ಹೋಗಬೇಕು. ನಾಳಿದ್ದು ಬರುವ ಹದಿನಾಲ್ಕು ಜನರಲ್ಲಿ ಅಜ್ಜಿಯೂ ಇದ್ದಾರೆ. ಹೇಳಿಬಿಡಬೇಕು ಎಂದು ಮೇಸ್ತ್ರಿಗೆ ವರ್ಷದಿಂದ ಅನ್ನಿಸುತ್ತಿದೆ. ಆದರೆ ಅಜ್ಜಿಯ ಭಾಷೆ ಇವರಿಗೆ ಬಾರದು, ನಡುವೆ ಮಾತು ದಾಟಿಸಬೇಕಾದವರು ಮೇಡಂ. "ಹೇಳಿದ್ರೆ ಅವರ ಎದೆ ಒಡೆಯುತ್ತೆ, ಹೇಳದಿದ್ರೆ ನನ್ನದು" ಎನ್ನುತ್ತಾರೆ.

ನಾಳಿದ್ದು ಬರುತ್ತದೆ. ಒಂದೇ ಬಣ್ಣದ ಅಂಗಿ ತೊಟ್ಟ ಹದಿನಾಲ್ಕು ಜನ ಬಸ್ಸಿನಿಂದ ಇಳಿಯುತ್ತಾರೆ. ಮಕ್ಕಳ ಹಾಡು, ಹೂಗುಚ್ಛ ಎಲ್ಲ ಮುಗಿಯುತ್ತದೆ. ಉಳಿದವರು ರೂಮಿಗೆ ಹೋದರೆ ಅಜ್ಜಿ ಕೋಲೂರಿಕೊಂಡು ನೇರ ಗೇಟಿನ ಪಕ್ಕ ಬರುತ್ತಾರೆ. ನೀಲಿ ಕೈಯನ್ನು ನೋಡುತ್ತಾರೆ, ಆಮೇಲೆ ಅಲ್ಲೇ ಡಬ್ಬದಲ್ಲಿ ಬಣ್ಣ ಕಲಸುತ್ತಿರುವ ಮೇಸ್ತ್ರಿಯನ್ನು ನೋಡುತ್ತಾರೆ. ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಸುಮ್ಮನೆ ಅಲ್ಲ. ಮೇಸ್ತ್ರಿ ಬಲಗೈಯನ್ನು ನೀಲಿ ಡಬ್ಬಕ್ಕೆ ಅದ್ದಿ, ಆ ಗುರುತಿನ ಪಕ್ಕದಲ್ಲೇ ಒತ್ತಿಬಿಡುತ್ತಾರೆ.

ಗೋಡೆಯ ಮೇಲೆ ಈಗ ಎರಡು ಕೈ. ಎರಡೂ ಅಂಗೈಯ ನಡುವೆ ಗಾಜು ಸೀಳಿದ ಅದೇ ಹಳೇ ಗೆರೆ.

"ಏನ್ರೀ ಮೇಸ್ತ್ರಿ, ತಲೆ ಕೆಟ್ಟಿದ್ಯಾ?" ಮೇಡಂ ಓಡಿ ಬರುತ್ತಾರೆ. ಅಜ್ಜಿ ಕೈಯೆತ್ತಿ ಅವರನ್ನು ತಡೆದು, ನಿಧಾನವಾಗಿ ಏನೋ ಹೇಳುತ್ತಾರೆ. ಮೇಡಂ ಮುಖ ಬಿಳಿಚಿಕೊಳ್ಳುತ್ತದೆ. ಅಜ್ಜಿ ಮತ್ತೆ ಹೇಳಿದ ಮೇಲೆ, ಬೇರೆ ದಾರಿಯಿಲ್ಲದೆ, ಮೇಡಂ ತಮ್ಮ ಬಾಯಿಂದಲೇ ಅದನ್ನು ದಾಟಿಸುತ್ತಾರೆ.

"ಅವರಿಗೆ ಹೋದ ವರ್ಷವೇ ಗೊತ್ತಾಗಿತ್ತಂತೆ. ಅವರ ಯಜಮಾನರ ಕೈ ನಡುಗ್ತಿತ್ತಲ್ಲ, ಗುರುತು ಕಲಸಿಹೋಗಿತ್ತಂತೆ. ಮೂರೇ ಬೆರಳು ನೆಟ್ಟಗೆ ಬಿದ್ದಿತ್ತು. ಇದು ತುಂಬಾ ಅಚ್ಚುಕಟ್ಟಾಗಿದೆ, ಯಾರೋ ಕೆಲಸ ಬಲ್ಲವರ ಕೈ ಅಂತ ಅಂದ್ಕೊಂಡ್ರಂತೆ."

ಮೇಸ್ತ್ರಿ ಹಣೆ ಚಚ್ಚಿಕೊಳ್ಳುತ್ತಾರೆ. ಹೋದ ವರ್ಷ ಒತ್ತಿದ ಮೇಲೆ ಸೋರಿದ ಬಣ್ಣವನ್ನು ಬಟ್ಟೆಯಲ್ಲಿ ಒರೆಸಿ, ಬೆರಳಿನ ಅಂಚನ್ನು ಸಣ್ಣ ಬ್ರಷ್ಷಿನಿಂದ ತಿದ್ದಿದ್ದರು. ಮೂವತ್ತೆಂಟು ವರ್ಷದ ಅಭ್ಯಾಸ, ಕೇಳಬೇಕಲ್ಲ. "ಸುಳ್ಳನ್ನೂ ನೀಟಾಗಿ ಮಾಡಿದ್ದೆ, ನೋಡಿ!"

"ಮತ್ತೆ ಅತ್ತರಲ್ಲ, ಯಾಕಂತೆ?" ಎಂದು ಮೇಸ್ತ್ರಿ ಮೇಡಂ ಬಾಯಲ್ಲಿ ಕೇಳಿಸುತ್ತಾರೆ.

"ಅಳು ಬಂದಿತ್ತಂತೆ. ಅಳೋಕೆ ಒಂದು ಜಾಗ ಬೇಕಿತ್ತಂತೆ."

ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಮೇಸ್ತ್ರಿ. ಇದು ಇನ್ನೂ ಒಳಕ್ಕೆ ಇಳಿಯಿತು. ಅದೂ ಸಾಲದೆ ಅಜ್ಜಿ ಮುಂದಿನ ಪ್ರಶ್ನೆ ಕೇಳುತ್ತಾರೆ: ಹಾಗಾದರೆ ಅವರ ಗುರುತು ಎಲ್ಲಿ ಹೋಯಿತು?

ಮೇಡಂ ಅದನ್ನೂ ದಾಟಿಸುತ್ತಾರೆ. ಮೇಸ್ತ್ರಿ ಬನ್ನಿ ಎಂದು ಕೈಸನ್ನೆ ಮಾಡಿ ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲೊಂದು ಗುಂಡಿ. ಅದರ ತುಂಬ ಬಣ್ಣದ ಸಿಪ್ಪೆ: ಹಳದಿ, ಹಸಿರು, ಗುಲಾಬಿ, ಲೆಕ್ಕವಿಲ್ಲದಷ್ಟು ನೀಲಿ. ಮೊನ್ನೆಯ ಚೀಲ ಮೇಲೆ ಹಾಗೇ ಬಿದ್ದಿದೆ. ಅಜ್ಜಿ ಬಗ್ಗಿ ಒಂದು ಸಿಪ್ಪೆ ಎತ್ತಿ, ತಿರುಗಿಸಿ ನೋಡುತ್ತಾರೆ. ಒಂದರ ಮೇಲೊಂದು ಅಂಟಿಕೊಂಡ ಪದರಗಳು. ಎಲ್ಲವೂ ಅವರಂಥವರು ಬಳಿದದ್ದೇ.

ಅಜ್ಜಿಯ ಮುಖಕ್ಕೆ ರಕ್ತ ನುಗ್ಗುತ್ತದೆ. "ನಾವೆಲ್ಲ ಇಲ್ಲೇ ಇದ್ದೀವಾ ಅಂತ ಕೇಳ್ತಿದಾರೆ" ಎನ್ನುವಾಗ ಮೇಡಂ ದನಿ ಕೇಳಿಸುವುದೇ ಕಷ್ಟ. ಆಮೇಲೆ ಅಜ್ಜಿ ತಲೆಯೆತ್ತಿ ಗುಂಡಿಯ ಪಕ್ಕದ ಕಪ್ಪು ಗೋಡೆಯನ್ನೂ, ಒಳಗೆ ಹೊಗೆಯಲ್ಲಿ ಕೆಮ್ಮುತ್ತಿರುವ ಮೇಸ್ತ್ರಿಯ ಹೆಂಡತಿಯನ್ನೂ ನೋಡುತ್ತಾರೆ. ಕೋಲೆತ್ತಿ ಆ ಗೋಡೆಯನ್ನು ತೋರಿಸುತ್ತಾರೆ. ಅಲ್ಲಿ ನಿಂತ ಮೂವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಆ ಸಲ ಹದಿನಾಲ್ಕು ಜನ ಕೆಲಸ ಮಾಡಿದ್ದು ಅಡುಗೆಮನೆಯ ಗೋಡೆಯ ಮೇಲೆ. ಬಂದ ಕೂಡಲೇ ಬಳಿಯಲು ಬಿಡಲಿಲ್ಲ ಮೇಸ್ತ್ರಿ. ಮೊದಲು ಮಸಿ ಕೆರೆಸಿದರು, ಗಾರೆ ಮೆತ್ತಿಸಿದರು, ಒಣಗುವವರೆಗೆ ಕಾಯಿಸಿದರು, ಆಮೇಲೆಯೇ ಬ್ರಷ್ಷು ಕೈಗೆ ಕೊಟ್ಟರು. ಫೋಟೊಗಳೆಲ್ಲ ಕಪ್ಪಾಗಿಯೇ ಬಂದವು. "ಅವರಿಗಿಂತ ನಾನೇ ಹೆಚ್ಚು ಕೂಗಾಡಿದೆ" ಎಂದು ಮೇಸ್ತ್ರಿ ನಾಚಿಕೊಳ್ಳುತ್ತಾರೆ. ಮುಂಗೋಡೆಯ ಎರಡು ನೀಲಿ ಕೈಗಳನ್ನು ಅಜ್ಜಿ ಹೇಳಿದ ಮೇಲೆ ಮೇಸ್ತ್ರಿ ತಾವೇ ಕೆರೆದು ತೆಗೆದರು. ಕೊನೇ ದಿನ ಹೊಸ ಗೋಡೆಯ ಮೇಲೆ ನಿಮ್ಮ ಕೈ ಗುರುತು ಒತ್ತಿ ಎಂದು ಅಜ್ಜಿಯೇ ಡಬ್ಬ ಹಿಡಿದು ನಿಂತರು. ಮೇಸ್ತ್ರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಜ್ಜಿ ಡಬ್ಬದ ಮುಚ್ಚಳ ಹಾಕಿದರು. ಆ ಗೋಡೆಯ ಮೇಲೆ ಯಾರ ಗುರುತೂ ಇಲ್ಲ.

ಇನ್ನು ಮೂರು ತಿಂಗಳಿಗೆ ಮುಂದಿನ ತಂಡ. ಅವರಿಗೆ ಯಾವ ಗೋಡೆ ಅಂತ ಮೇಡಂ ಇನ್ನೂ ಹೇಳಿಲ್ಲ. ಮೇಸ್ತ್ರಿ ಪ್ರತಿದಿನ ಬೆಳಿಗ್ಗೆ ಅಡುಗೆಮನೆಗೆ ಹೋಗಿ ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿ ನೋಡುತ್ತಾರೆ. ಒಗ್ಗರಣೆಯ ಹೊಗೆಗೆ ಒಲೆಯ ಮೇಲ್ಭಾಗ ಆಗಲೇ ಒಂದಿಷ್ಟು ಮಬ್ಬಾಗಿದೆ.

"ಮಬ್ಬಾಗ್ಲಿ ಬಿಡಿ" ಎನ್ನುತ್ತಾರೆ. "ನಾನು ಮಾಡಿದ ಗೋಡೆ ಒಂದಾದ್ರೂ ತನ್ನ ಪಾಡಿಗೆ ತಾನು ಹಳೇದಾಗ್ಬೇಕು. ಅದನ್ನ ಮಾತ್ರ ನನ್ನ ಕೈಲಿ ಕೆರೆಸ್ಬೇಡಿ ಅಂತ ಮೇಡಂಗೆ ಹೇಳೋನಿದೀನಿ. ಈ ಸಲ ಬಾಯಿ ಬಿಟ್ಟೇ ಹೇಳ್ತೀನಿ."